ಏಳೂವರೆಗೆ ಮುಚ್ಚುವ ಬಾಗಿಲು

ಜೆ.ಪಿ. ನಗರ ಎರಡನೇ ಹಂತದಲ್ಲಿ ಸಂಜೆ ಏಳೂವರೆ ಎಂದರೆ ಏಳೂವರೆಯೇ. ಮೂರನೇ ಬೆಲ್ ಆಯಿತೋ, ರಂಗಶಂಕರದ ಬಾಗಿಲು ಮುಚ್ಚಿತು. ಆಮೇಲೆ ಬಂದವರು ಕೈಯಲ್ಲಿದ್ದ ಟಿಕೆಟ್ ತೋರಿಸಿದರೂ ಅಷ್ಟೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಕಥೆ ಹೇಳಿದರೂ ಅಷ್ಟೆ. ಸಭೆ ಸಮಾರಂಭಗಳೆಲ್ಲ ಅರ್ಧ ಗಂಟೆ ತಡವಾಗಿ ಶುರುವಾಗುವುದೇ ರೂಢಿಯಾಗಿದ್ದ ಊರಿನಲ್ಲಿ ಒಂದು ನಾಟಕಶಾಲೆ ಇಷ್ಟು ವರ್ಷ ಈ ಶಿಸ್ತು ಬಿಡದೆ ಬಂದಿದೆ. ಜಯನಗರ, ಬನಶಂಕರಿಯ ಜನ ಈಗ ರಂಗಶಂಕರಕ್ಕೆ ಹೊರಡುವ ದಿನ ಕಾಫಿಯನ್ನು ಬೇಗ ಕುಡಿಯುತ್ತಾರೆ. ಒಂದು ಬಡಾವಣೆಯ ಅಭ್ಯಾಸ ಹೀಗೆ ಬದಲಾಗುವುದು ಸಣ್ಣ ಸಂಗತಿ ಅಲ್ಲ. ಅದರ ಹಿಂದೆ ಇಬ್ಬರು ನಟರ ಬದುಕಿದೆ. ಒಬ್ಬರ ಬಗ್ಗೆ ಊರಿಗೆಲ್ಲ ಗೊತ್ತು. ಆಟೋಗಳ ಬೆನ್ನ ಮೇಲೆ ಅವರ ಮುಖವಿದೆ. ಇನ್ನೊಬ್ಬರು ಕಟ್ಟಿದ್ದರ ಬಗ್ಗೆ ಸಾಲದಷ್ಟು ಬರೆದಿದ್ದೇವೆ ಎಂಬುದು ನನ್ನ ಅನಿಸಿಕೆ.

ಕಥೆ ಶುರುವಾಗುವುದು ಬೆಂಗಳೂರಿನಲ್ಲಲ್ಲ, ಉತ್ತರ ಕನ್ನಡದ ಹೊನ್ನಾವರದ ಕಡೆ. ಅಲ್ಲಿನ ಮಲ್ಲಾಪುರದ ನಾಗರಕಟ್ಟೆ ಮನೆತನದಲ್ಲಿ 1954ರ ನವೆಂಬರ್ 9ರಂದು ಶಂಕರ್ ನಾಗ್ ಹುಟ್ಟಿದರು. ಆರು ವರ್ಷ ದೊಡ್ಡವರಾದ ಅಣ್ಣ ಅನಂತ ಮೊದಲೇ ಮುಂಬೈ ಸೇರಿ ಸತ್ಯದೇವ ದುಬೆಯವರ ನಾಟಕಗಳಲ್ಲಿ ಪಳಗಿದ್ದರು. ತಮ್ಮನೂ ಅದೇ ದಾರಿ ಹಿಡಿದರು. ಎಪ್ಪತ್ತರ ದಶಕದ ಮುಂಬೈಯಲ್ಲಿ ಮರಾಠಿ ರಂಗಭೂಮಿ ಉಕ್ಕುತ್ತಿತ್ತು. ತೆಂಡುಲ್ಕರ್ ಬರೆಯುತ್ತಿದ್ದರು, ವಿಜಯಾ ಮೆಹ್ತಾ ಆಡಿಸುತ್ತಿದ್ದರು, ಕಾಲೇಜುಗಳ ನಾಟಕ ಸ್ಪರ್ಧೆಗಳಿಗೆ ಜಾತ್ರೆಯ ಕಳೆ ಇತ್ತು. ಶಂಕರ ಅಲ್ಲಿ ಕಲಿತದ್ದು ನಟನೆಯೊಂದನ್ನೇ ಅಲ್ಲ. ಸೆಟ್ ಹೊರುವುದು, ಲೈಟು ಕಟ್ಟುವುದು, ಸ್ಕ್ರಿಪ್ಟ್ ತಿದ್ದುವುದು, ರಾತ್ರಿ ಕಡೇ ಲೋಕಲ್ ಹಿಡಿದು ಮನೆ ಸೇರುವುದು, ಎಲ್ಲವೂ ಆ ಪಾಠದೊಳಗೇ ಇತ್ತು. ನಚಿಕೇತ್ ಮತ್ತು ಜಯೂ ಪಟವರ್ಧನ್ ಅವರ '22 ಜೂನ್ 1897' ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರ ಕೈಯಿತ್ತು. ಅರುಂಧತಿ ರಾವ್ ಅವರ ಪರಿಚಯವಾದದ್ದೂ ಈ ನಾಟಕದ ಓಡಾಟದಲ್ಲೇ. ದೆಹಲಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಅರುಂಧತಿ ಇಪ್ಟಾ ನಾಟಕ ಸಂಘದ ಜೊತೆಗಿದ್ದವರು. ಗುಜರಾತಿ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಭಾಷೆಯ ರಂಗದ ಮೇಲೆ ಪಾತ್ರ ಮಾಡುತ್ತಿದ್ದರು. ಇಬ್ಬರಲ್ಲಿ ವೃತ್ತಿಯ ಅನುಭವ ಹೆಚ್ಚಿದ್ದದ್ದು ಅವರಿಗೇ ಎಂದರೂ ತಪ್ಪಾಗದು.

ಮೊದಲ ತಿರುವು 1978ರಲ್ಲಿ ಬಂತು. ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕೂಲಿ ಯೋಧನ ಪಾತ್ರಧಾರಿಯನ್ನು ಹುಡುಕುತ್ತಿದ್ದರು. ಜಪಾನಿನ ಕುರೊಸಾವಾ ಚಿತ್ರಗಳ ಪ್ರಭಾವವಿದ್ದ, ನಮ್ಮ ಮಲೆನಾಡಿನ ಮಣ್ಣಲ್ಲಿ ನಿಂತ ಕಥೆ ಅದು. ಪಾಳೆಯಗಾರರ ಜಗಳದಲ್ಲಿ ಕತ್ತಿ ಮಾರಿಕೊಂಡು ಬದುಕುವ ಗಂಡುಗಲಿಯಾಗಿ ಶಂಕರ ಬಂದರು. ಎದುರಿಗೆ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಮಾತು ಕಡಿಮೆ, ಕಣ್ಣೇ ಹೆಚ್ಚು. ನಿಂತ ನಿಲುವಿನಲ್ಲೇ ಆ ಮನುಷ್ಯನ ಹಸಿವು, ಹಮ್ಮು ಎರಡೂ ಕಾಣುತ್ತಿದ್ದವು. ಮರುವರ್ಷ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಮೊದಲ ಚಿತ್ರಕ್ಕೇ ಅಂಥ ಮನ್ನಣೆ ಪಡೆದ ಕನ್ನಡ ನಟರು ವಿರಳ.

ಅಲ್ಲಿಂದಾಚೆಗಿನ ವೇಗ ನೋಡಿದರೆ ಇವತ್ತಿಗೂ ಉಸಿರು ಕಟ್ಟುತ್ತದೆ. 1980ರಲ್ಲಿ ಅರುಂಧತಿಯವರೊಡನೆ ಮದುವೆ, ಬೆಂಗಳೂರಿನಲ್ಲಿ ಸಂಸಾರ. ಅದೇ ಹೊತ್ತಿಗೆ ನಿರ್ದೇಶಕನಾಗಿ ಮೊದಲ ಚಿತ್ರ 'ಮಿಂಚಿನ ಓಟ', ಅದಕ್ಕೆ ರಾಜ್ಯದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ. ಹಿಂದೆಯೇ 'ಜನ್ಮ ಜನ್ಮದ ಅನುಬಂಧ', ಇಳಯರಾಜಾ ಸಂಗೀತದ 'ಗೀತಾ'. ಕುಡಿದು ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರನ್ನು ಕೊಂದ ರಾಜಕಾರಣಿಯ ಮಗನ ಕಥೆ 'ಆಕ್ಸಿಡೆಂಟ್' ರಾಷ್ಟ್ರಪ್ರಶಸ್ತಿ ತಂದಿತು. ರಾಜಕುಮಾರರನ್ನಿಟ್ಟುಕೊಂಡು, ಸ್ಟೈನ್‌ಬೆಕ್‌ನ ಕಾದಂಬರಿಯನ್ನು ಆಧರಿಸಿ, ನೀರಿನಡಿಯ ದೃಶ್ಯಗಳಿರುವ 'ಒಂದು ಮುತ್ತಿನ ಕಥೆ' ಮಾಡಿದರು. ನಡುವೆ 1986ರಲ್ಲಿ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬಂತು. ಆರ್.ಕೆ. ನಾರಾಯಣರ ಕಲ್ಪನೆಯ ಊರನ್ನು ಶಂಕರ ಆಗುಂಬೆಯಲ್ಲಿ ಕಂಡುಕೊಂಡರು. ಅಲ್ಲಿನ ದೊಡ್ಡಮನೆಯ ಜಗಲಿ, ಕಂಬ, ಅಂಗಳ ಇಡೀ ದೇಶಕ್ಕೆ ಸ್ವಾಮಿಯ ಮನೆಯಾದವು. ಹಿಂದಿ ಬಲ್ಲ ಭಾರತಕ್ಕೆ ಮಲೆನಾಡಿನ ಮಳೆಯನ್ನು ಮೊದಲು ತೋರಿಸಿದ್ದು ಆ ಧಾರಾವಾಹಿಯೇ ಇರಬೇಕು.

ಇಷ್ಟರ ಜೊತೆಗೇ ಹೊಡೆದಾಟದ ಚಿತ್ರಗಳು: 'ಆಟೋ ರಾಜ', 'ಎಸ್.ಪಿ. ಸಾಂಗ್ಲಿಯಾನ', 'ಸಿ.ಬಿ.ಐ. ಶಂಕರ್'. ಒಟ್ಟು ಹನ್ನೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರ. ಇಲ್ಲಿ ವಿಮರ್ಶಕರಲ್ಲಿ ಒಂದು ಹಳೆಯ ಜಗಳವಿದೆ. ಗಂಡುಗಲಿಯಂಥ ಪಾತ್ರ ಮಾಡಿದ ನಟ ಆಮೇಲೆ ಸಿಕ್ಕಸಿಕ್ಕ ಚಿತ್ರಗಳಲ್ಲಿ ತನ್ನನ್ನು ಸವೆಸಿಕೊಂಡ ಎನ್ನುವವರು ಒಂದು ಕಡೆ. ಆ ದುಡ್ಡು ಇಲ್ಲದಿದ್ದರೆ ಉಳಿದ ಕೆಲಸಗಳೇ ಆಗುತ್ತಿರಲಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯ ಮಾತೇ ನನಗೆ ಹೆಚ್ಚು ಸರಿ ಕಾಣುತ್ತದೆ. ಯಾಕೆಂದರೆ ಆ ಕಾಲದ ಕನ್ನಡ ಚಿತ್ರಗಳು ಹಾಡಿನ ರೆಕಾರ್ಡಿಂಗಿಗೆ, ಡಬ್ಬಿಂಗಿಗೆ ಮದ್ರಾಸಿನ ರೈಲು ಹತ್ತಬೇಕಿತ್ತು. ಆ ಪಾಡು ತಪ್ಪಲೆಂದು ಬೆಂಗಳೂರಿನಲ್ಲೇ ಸುಸಜ್ಜಿತ ಧ್ವನಿಗ್ರಹಣ ಸ್ಟುಡಿಯೋ ಕಟ್ಟಿ ಅದಕ್ಕೆ 'ಸಂಕೇತ್' ಎಂದು ಹೆಸರಿಟ್ಟವರು ಶಂಕರ. ಸಾಂಗ್ಲಿಯಾನನ ಮೀಸೆಯೂ ಆ ಸ್ಟುಡಿಯೋದ ಗೋಡೆಯೂ ಒಂದೇ ಜೇಬಿನ ಲೆಕ್ಕ.

'ಸಂಕೇತ್' ಎಂಬುದು ಅದಕ್ಕೂ ಮೊದಲು ಅವರ ನಾಟಕ ತಂಡದ ಹೆಸರು. ಹಗಲೆಲ್ಲ ಶೂಟಿಂಗ್ ಮುಗಿಸಿ ಸಂಜೆ ನಾಟಕದ ತಾಲೀಮಿಗೆ ಬರುತ್ತಿದ್ದ ತಾರೆಯರು ಕನ್ನಡದಲ್ಲಿ ಆಗಲೂ ಇರಲಿಲ್ಲ, ಈಗಲೂ ಕಡಿಮೆ. ಅರುಂಧತಿ, ರಮೇಶ್ ಭಟ್ ಮೊದಲಾದವರ ಜೊತೆ ಶಂಕರ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ನಾಗಮಂಡಲ' ನಾಟಕಗಳನ್ನು ರಂಗಕ್ಕೆ ತಂದರು. ಇವುಗಳಲ್ಲಿ 'ಬ್ಯಾರಿಸ್ಟರ್' ಮತ್ತು 'ಸಂಧ್ಯಾಛಾಯಾ' ಮರಾಠಿಯ ಜಯವಂತ ದಳವಿಯವರವು, ಮುಂಬೈಯ ಋಣ. ಗಂಡುಮಕ್ಕಳು ದೂರ ಹೋದ ಮೇಲೆ ಮನೆಯಲ್ಲಿ ಉಳಿದ ಮುದುಕ ಮುದುಕಿಯರ ನಾಟಕ 'ಸಂಧ್ಯಾಛಾಯಾ'. ಎಂಬತ್ತರ ದಶಕದಲ್ಲಿ ಅದನ್ನು ನೋಡಿದವರಿಗೆ ಅದು ಯಾರದೋ ಮನೆಯ ಕಥೆಯಾಗಿ ಕಂಡಿರಬಹುದು. ಇವತ್ತು ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲೋ ಬನಶಂಕರಿ ಎರಡನೇ ಹಂತದಲ್ಲೋ ಸಂಜೆ ಒಂದು ಸುತ್ತು ನಡೆದು ಬನ್ನಿ. ಮಲ್ಲಿಗೆ ಬಳ್ಳಿ ಹಬ್ಬಿದ ಗೇಟು, ಕೆಳಗಿನ ಕೋಣೆಯಲ್ಲಿ ಒಂದೇ ಲೈಟು, ಮೇಲಿನ ಮಹಡಿ ಕತ್ತಲೆ. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಮೆಲ್ಬರ್ನಿನಲ್ಲಿ. ದಳವಿ ಬರೆದದ್ದು ನಮ್ಮ ಬೀದಿಯ ಚರಿತ್ರೆಯೂ ಆಗಿಬಿಟ್ಟಿದೆ.

ಬೆಂಗಳೂರಿನಲ್ಲಿ ಆಗ ನಾಟಕ ಎಂದರೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ, 1963ರಲ್ಲಿ ತೆರೆದ ದೊಡ್ಡ ಭವನ. ಅದರ ಸುತ್ತಲೇ ಆಧುನಿಕ ಕನ್ನಡ ರಂಗಭೂಮಿ ಬೆಳೆಯಿತು, 1972ರಲ್ಲಿ ಬಿ.ವಿ. ಕಾರಂತರು ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಆಡಿಸಿದ ಮೇಲೆ ಊರಿನ ಹವ್ಯಾಸಿ ತಂಡಗಳಿಗೆ ಹೊಸ ರಕ್ತ ಬಂದಿತ್ತು. ಆದರೆ ಕಲಾಕ್ಷೇತ್ರ ನಾಟಕಕ್ಕಷ್ಟೇ ಮೀಸಲಲ್ಲ. ಸನ್ಮಾನ, ಸಮ್ಮೇಳನ, ಸರ್ಕಾರಿ ಸಮಾರಂಭ ಎಲ್ಲಕ್ಕೂ ಅದೇ. ಸಾವಿರದ ಆಸುಪಾಸು ಕುರ್ಚಿಗಳ ಎದುರು ಮೆಲುದನಿಯ ನಾಟಕ ಆಡುವುದು ಬಯಲಲ್ಲಿ ಪಿಸುಗುಟ್ಟಿದ ಹಾಗೆ. ಮುಂಬೈಯ ಜುಹುವಿನಲ್ಲಿ 1978ರಲ್ಲಿ ಶಶಿ ಕಪೂರ್, ಜೆನ್ನಿಫರ್ ದಂಪತಿ ತೆರೆದ ಪೃಥ್ವಿ ಥಿಯೇಟರನ್ನು ಶಂಕರ, ಅರುಂಧತಿ ಇಬ್ಬರೂ ಬಲ್ಲರು. ಚಿಕ್ಕ ಅಂಗಳ, ಮೂರು ಕಡೆ ಪ್ರೇಕ್ಷಕರು, ನಟನ ಬೆವರು ಕಾಣುವಷ್ಟು ಹತ್ತಿರ. ಅಂಥದ್ದೊಂದು ಬೆಂಗಳೂರಿಗೆ ಬೇಕು, ಅಲ್ಲಿ ದಿನಕ್ಕೊಂದು ನಾಟಕ ಆಗಬೇಕು ಎಂಬುದು ಇಬ್ಬರ ಆಸೆಯಾಗಿತ್ತು.

ಶಂಕರ ಅವರ ಆಸೆಗಳ ಪಟ್ಟಿ ಉದ್ದ. ಕಡಿಮೆ ಖರ್ಚಿನ ಮನೆಗಳು, ನಂದಿ ಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ. ನಮ್ಮ ಮೆಟ್ರೊ ಶುರುವಾದ ಮೇಲಂತೂ ಅದರ ಕನಸು ಮೊದಲು ಕಂಡವರೇ ಶಂಕರ್ ನಾಗ್ ಎಂಬ ಮಾತು ಮನೆಮಾತಾಗಿದೆ. ದಾಖಲೆ ನೋಡಿದರೆ ಅದು ಪೂರ್ತಿ ನಿಜವಲ್ಲ. ಊರಿಗೆ ಅಂಥ ರೈಲು ಬೇಕೆಂಬ ಚರ್ಚೆ 1977ರಲ್ಲೇ ಎದ್ದಿತ್ತು. ದಕ್ಷಿಣ ರೈಲ್ವೆಯ ತಂಡ 1983ರಲ್ಲಿ ವರದಿಯನ್ನೂ ಕೊಟ್ಟಿತ್ತು. ಕಡತಗಳಲ್ಲಿ ಮಲಗಿದ್ದ ವಿಚಾರವನ್ನು ಊರಿನ ಬಾಯಿಗೆ ತಂದವರು ಶಂಕರ ಎಂದರೆ ಅವರಿಗೂ ನ್ಯಾಯ, ಚರಿತ್ರೆಗೂ ನ್ಯಾಯ. ಪ್ರೀತಿಯಿಂದಲೇ ಆದರೂ ಒಬ್ಬ ಮನುಷ್ಯನ ಮೇಲೆ ಎಲ್ಲವನ್ನೂ ಹೇರಿದರೆ ಅವರು ನಿಜವಾಗಿ ಮಾಡಿದ ಕೆಲಸ ಮಸುಕಾಗುತ್ತದೆ.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರದ ಶೂಟಿಂಗಿಗೆ ಶಂಕರ ಬಾಗಲಕೋಟೆ ಕಡೆಯ ಲೋಕಾಪುರಕ್ಕೆ ಹೊರಟಿದ್ದರು. ಕಾರಿನಲ್ಲಿ ಅರುಂಧತಿಯೂ ಪುಟ್ಟ ಮಗಳೂ ಇದ್ದರು. ದಾವಣಗೆರೆಗೆ ಇನ್ನೇನು ಬಂದೆವು ಎನ್ನುವಾಗ ಆನಗೋಡು ಬಳಿ ಅಪಘಾತವಾಯಿತು. ಶಂಕರ ಉಳಿಯಲಿಲ್ಲ. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಬಾಕಿ ಇತ್ತು. ತಾಯಿ ಮಗಳು ಬದುಕಿದರು. ಅರುಂಧತಿಯವರಿಗೆ ಆದ ಪೆಟ್ಟು ಮಾತ್ರ ಬಲವಾದದ್ದು. ಬೆಂಗಳೂರಿನ ಆಧುನಿಕ ರಂಗಭೂಮಿಗೆ ಜೀವ ಕೊಟ್ಟ ನಾಟಕವೇ ಆ ಕೊನೆಯ ಪ್ರಯಾಣದ ಕಾರಣವೂ ಆಯಿತೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಶಂಕರ ಅವರ ಕಥೆ ಹೇಳುವವರು ಬಹುಪಾಲು ಇಲ್ಲಿಗೇ ನಿಲ್ಲಿಸುತ್ತಾರೆ. ಅಣ್ಣ ಅನಂತನಾಗ್ 'ನನ್ನ ತಮ್ಮ ಶಂಕರ' ಪುಸ್ತಕ ಬರೆದರು. ಎಂ.ಜಿ. ರಸ್ತೆಯ ಸಿಂಫನಿ ಚಿತ್ರಮಂದಿರಕ್ಕೆ ಅವರ ಹೆಸರು ಬಂತು. ಆಟೋ ಸ್ಟ್ಯಾಂಡುಗಳಿಗೆ ಬೋರ್ಡು ಬಂತು. ಆದರೆ ಶಂಕರ ಬಿಟ್ಟುಹೋದ ಆಸೆಗಳಲ್ಲಿ ಒಂದಾದರೂ ಹೆಂಚು, ಇಟ್ಟಿಗೆ, ಬಾಗಿಲಾಗಿ ನಿಂತದ್ದು ಆಮೇಲಿನ ಹದಿನಾಲ್ಕು ವರ್ಷಗಳ ದುಡಿಮೆಯಿಂದ. ಹದಿನಾಲ್ಕು ವರ್ಷ ಎಂದರೆ ನಮ್ಮ ಕಡೆ ವನವಾಸದ ಲೆಕ್ಕ. ಅದನ್ನು ಕಳೆದವರು ಅರುಂಧತಿ ನಾಗ್.

ಅವರ ಎದುರಿದ್ದ ದಾರಿ ಯೋಚಿಸಿ ನೋಡಿ. ಚಿಕ್ಕ ಮಗು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ, ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾದಂಥ ಸ್ಥಿತಿ. ಮದುವೆಯಾಗಿ ಬಂದ ಊರು, ಹೊಸದಾಗಿ ಒಲಿಸಿಕೊಂಡ ಭಾಷೆ. ತವರಿದ್ದ ಮುಂಬೈಗೆ ಹಿಂದಿರುಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಉಳಿದರು. 1992ರಲ್ಲಿ ಶಂಕರ ಅವರ ಗೆಳೆಯರೂ ರಂಗಭೂಮಿಯವರೂ ಸೇರಿ ಸಂಕೇತ್ ಟ್ರಸ್ಟ್ ಮಾಡಿದರು. ಗಿರೀಶ ಕಾರ್ನಾಡರು ಜೊತೆಗಿದ್ದರು. 1994ರಲ್ಲಿ ಸರ್ಕಾರ ಜೆ.ಪಿ. ನಗರ ಎರಡನೇ ಹಂತದಲ್ಲಿ ಒಂದು ಸಿ.ಎ. ಸೈಟ್ ಕೊಟ್ಟಿತು.

ಸಿ.ಎ. ಸೈಟ್ ಎಂದರೆ ಬಡಾವಣೆ ಮಾಡುವಾಗ ಶಾಲೆ, ಆಸ್ಪತ್ರೆ, ಆಟದ ಮೈದಾನದಂಥ ಸಾರ್ವಜನಿಕ ಕೆಲಸಕ್ಕೆ ಬಿಡುವ ಜಾಗ. ನಾಟಕವೂ ಆ ಸಾಲಿನಲ್ಲಿ ನಿಲ್ಲಬೇಕಾದ ನಾಗರಿಕ ಅಗತ್ಯ ಎಂದು ಸರ್ಕಾರ ಒಪ್ಪಿದ್ದು ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ತಿರುವು. ನೀರಿನ ಟ್ಯಾಂಕು, ಪಾರ್ಕು, ಗ್ರಂಥಾಲಯ, ನಾಟಕಶಾಲೆ. ಆದರೆ ಆಗ ಆ ಜಾಗದ ಬಗ್ಗೆ ಎಲ್ಲರಿಗೂ ನಂಬಿಕೆಯಿರಲಿಲ್ಲ. ಕಲಾಕ್ಷೇತ್ರಕ್ಕೆ ಸುತ್ತಲಿಂದ ಬಸ್ಸಿತ್ತು. ಮೆಜೆಸ್ಟಿಕ್, ಮಲ್ಲೇಶ್ವರ, ರಾಜಾಜಿನಗರದ ಪ್ರೇಕ್ಷಕರಿಗೆ ಜೆ.ಪಿ. ನಗರ ಊರಾಚೆ. ರಾತ್ರಿ ನಾಟಕ ಮುಗಿದ ಮೇಲೆ ಮನೆ ಸೇರುವುದು ಹೇಗೆ ಎಂಬ ಆತಂಕ ಸುಳ್ಳೇನಲ್ಲ.

ದುಡ್ಡು ಕೂಡಿಸುವುದು ಇನ್ನೂ ಕಷ್ಟ. ಸೈಟ್ ಸಿಕ್ಕ ಮೇಲೂ ಹತ್ತು ವರ್ಷ ಹಿಡಿಯಿತು. ಈ ಹತ್ತು ವರ್ಷದಲ್ಲಿ ಹೇಳಿಕೊಳ್ಳುವಂಥ ನಾಟಕೀಯ ಘಟನೆಗಳಿಲ್ಲ. ಇರುವುದು ಬಾಗಿಲು ತಟ್ಟುವ ಕೆಲಸ: ಕಚೇರಿಗಳು, ಕಂಪನಿಗಳು, ಗೆಳೆಯರು, ಕಲಾವಿದರು. ನಡುವೆ ಅರುಂಧತಿ ನಟನೆಯನ್ನೂ ಬಿಡಲಿಲ್ಲ. 1998ರ ಮಣಿರತ್ನಂ ಚಿತ್ರ 'ದಿಲ್ ಸೇ'ಯಲ್ಲಿ ಆಕಾಶವಾಣಿಯ ಅಧಿಕಾರಿಯಾಗಿ ಕಾಣಿಸಿಕೊಂಡರು. ಚರಿತ್ರೆ ಬರೆಯುವವರು ಇಂಥ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟುತ್ತಾರೆ, ನಾನೂ ದಾಟುತ್ತಿದ್ದೇನೆ. ಆದರೆ ಕಟ್ಟಡ ನಿಂತಿರುವುದು ಈ ವರ್ಷಗಳ ಮೇಲೆಯೇ.

ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ ಮಾಡಿಕೊಟ್ಟ ನಕ್ಷೆಯಲ್ಲಿ ಆಡಂಬರವಿಲ್ಲ. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ತೆರೆದ ಹಜಾರ, ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಕೆಫೆ. ಸಾಬಕ್ಕಿ ವಡೆಯ ಎಣ್ಣೆಯ ಘಮ, ಸ್ಟೀಲ್ ಲೋಟದ ಸದ್ದು, ಗೋಡೆಯ ಬದಿಯಲ್ಲಿ ನಿಂತು ತುಟಿ ಅಲುಗಿಸುತ್ತ ಮಾತು ನೆನಪು ಮಾಡಿಕೊಳ್ಳುತ್ತಿರುವ ಯಾವುದೋ ತಂಡದ ಹುಡುಗ. ಮೆಟ್ಟಿಲು ಹತ್ತಿ ಒಳಗೆ ಹೋದರೆ ಮುನ್ನೂರು ಚಿಲ್ಲರೆ ಆಸನ. ರಂಗ ಮುಂದಕ್ಕೆ ಚಾಚಿಕೊಂಡು ಜನರ ನಡುವೆ ಬಂದು ನಿಂತಿದೆ, ಕುರ್ಚಿಗಳ ಸಾಲು ಅದನ್ನು ಮೂರು ಕಡೆಯಿಂದ ತಬ್ಬಿಕೊಂಡಿದೆ. ಕಡೇ ಸಾಲಿನಲ್ಲಿ ಕೂತವರಿಗೂ ನಟ ಎಂಜಲು ನುಂಗಿದ್ದು ಗೊತ್ತಾಗುತ್ತದೆ. ಪೃಥ್ವಿಯ ನೆರಳು ಇದೆ, ಆದರೆ ನಕಲಲ್ಲ.

2004ರ ಅಕ್ಟೋಬರ್ 28ರಂದು ರಂಗಶಂಕರ ತೆರೆಯಿತು. ಹೆಸರಿನಲ್ಲಿ ಶಂಕರ ಇದ್ದಾರೆ, ನಿಯಮಗಳಲ್ಲಿ ಅರುಂಧತಿ ಇದ್ದಾರೆ. ಇಲ್ಲಿ ನಾಟಕ ಬಿಟ್ಟು ಬೇರೇನೂ ಇಲ್ಲ. ಮದುವೆ ಆರತಕ್ಷತೆಯೂ ಇಲ್ಲ, ಸನ್ಮಾನದ ಶಾಲೂ ಇಲ್ಲ. ತಂಡಗಳಿಗೆ ಕಡಿಮೆ ಬಾಡಿಗೆ, ಕೈಗೆಟುಕುವ ಟಿಕೆಟ್. ಸೋಮವಾರ ರಜೆ, ಉಳಿದ ದಿನ ಆಟ. ಹೇಳಿದ ಹೊತ್ತಿಗೆ ಶುರು. ಯಾರೇ ಬರಲಿ, ತಡವಾದರೆ ಹೊರಗೆ. ಮೊದಲ ದಿನಗಳಲ್ಲಿ ಇದರ ಬಗ್ಗೆ ಕೋಪ, ವಾಗ್ವಾದ ಬೇಕಾದಷ್ಟಾಯಿತು. ಕಡೆಗೆ ಊರೇ ತಗ್ಗಿತು.

ಟೀಕೆಗಳೂ ಬಂದವು. ಇದು ದಕ್ಷಿಣ ಬೆಂಗಳೂರಿನ ಇಂಗ್ಲಿಷ್ ಬಲ್ಲ ಮಧ್ಯಮವರ್ಗದ ಮಂದಿರವಾಯಿತು, ಕನ್ನಡ ತಂಡಗಳ ಒರಟು ಹುಮ್ಮಸ್ಸು ಇಲ್ಲಿ ನಯಗೊಂಡು ಹೋಗುತ್ತದೆ ಎಂದವರಿದ್ದಾರೆ. ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಬೆಳೆದವರ ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಕಂಡದ್ದು ಬೇರೆ. ವಾರದ ನಡುವಿನ ಒಂದು ಬುಧವಾರ ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಿಂದ ಬಂದ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿದ ಹುಡುಗಿ ಜೀವನದ ಮೊದಲ ಕನ್ನಡ ನಾಟಕ ನೋಡುತ್ತಾಳೆ. ಪಕ್ಕದಲ್ಲಿ ಕಲಾಕ್ಷೇತ್ರದ ಕಾಲದಿಂದ ನಾಟಕ ನೋಡುತ್ತ ಬಂದ ನಿವೃತ್ತ ಮೇಷ್ಟ್ರು. ಇಬ್ಬರೂ ಒಂದೇ ಕಡೆ ನಗುತ್ತಾರೆ. ಮಕ್ಕಳ ನಾಟಕಗಳಿಗೆಂದೇ ನಡೆಸುವ 'ಆಹಾ!' ಉತ್ಸವಕ್ಕೆ ಶಾಲೆಯ ಮಕ್ಕಳು ಸಾಲುಗಟ್ಟಿ ಬರುವುದನ್ನು ನೋಡಿದರೆ, ಟಿಕೆಟ್ ಕೊಂಡು ನಾಟಕ ನೋಡುವ ರೂಢಿ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟುತ್ತಿರುವುದು ಕಣ್ಣಿಗೇ ಕಾಣುತ್ತದೆ.

ರಂಗಶಂಕರ ತೆರೆದ ಮರುವರ್ಷ, 2005ರ ಮಾರ್ಚಿನಲ್ಲಿ, ಕಾರ್ನಾಡರ 'ಒಡಕಲು ಬಿಂಬ' ಅಲ್ಲೇ ರಂಗಕ್ಕೆ ಬಂತು. ಕಾರ್ನಾಡರೂ ಕೆ.ಎಂ. ಚೈತನ್ಯ ಅವರೂ ನಿರ್ದೇಶಿಸಿದ ಈ ನಾಟಕದಲ್ಲಿ ಒಬ್ಬಳೇ ನಟಿ. ಕನ್ನಡದ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಬರೆದ ಒಂದು ಕಾದಂಬರಿಯಿಂದ ದೊಡ್ಡ ಹೆಸರು ಮಾಡಿದ್ದಾಳೆ, ಟಿ.ವಿ. ಸ್ಟುಡಿಯೋದಲ್ಲಿ ಮಾತಾಡಿ ಮುಗಿಸಿ ಇನ್ನೇನು ಹೊರಡಬೇಕು, ಆಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನೆ ಕೇಳತೊಡಗುತ್ತದೆ. ಕನ್ನಡದಲ್ಲಿ ಆ ಪಾತ್ರ ಮಾಡಿದವರು ಅರುಂಧತಿ. ಪರದೆಯ ಮೇಲಿನ ಬಿಂಬ ಮೊದಲೇ ಚಿತ್ರೀಕರಿಸಿದ್ದು. ಅದು ಯಾರಿಗೂ ಕಾಯುವುದಿಲ್ಲ. ಮಾತಿಗೆ ಮಾತು, ನಗುವಿಗೆ ನಗು, ನಟಿ ಅರೆ ಕ್ಷಣವೂ ಆಚೀಚೆ ಆಗುವಂತಿಲ್ಲ. ಬಿಂಬ ತಣ್ಣಗೆ ಕೇಳುತ್ತದೆ, ರಂಗದ ಮೇಲಿನ ಹೆಂಗಸು ನಕ್ಕು ಜಾರಿಕೊಳ್ಳುತ್ತಾಳೆ, ಆಮೇಲೆ ಸಿಟ್ಟಾಗುತ್ತಾಳೆ, ಕಡೆಗೆ ಅವಳ ಭುಜ ಇಳಿಯುತ್ತದೆ. ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ನಾಟಕಶಾಲೆಯನ್ನು ಕಟ್ಟಿದವರು ಅಲ್ಲಿ ತಾವೇ ಗಡಿಯಾರದೊಡನೆ ಪಂದ್ಯ ಕಟ್ಟಿ ಗೆದ್ದರು.

ಆಮೇಲೆ ಬಂದದ್ದನ್ನು ಬೇಗ ಹೇಳಬಹುದು. 2005ರಲ್ಲೇ 'ಜೋಗಿ' ಚಿತ್ರದ ತಾಯಿಯಾಗಿ ಅವರು ಹಳ್ಳಿಹಳ್ಳಿಯ ಪ್ರೇಕ್ಷಕರನ್ನು ತಲುಪಿದರು. 'ಪಾ' ಹಿಂದಿ ಚಿತ್ರದ ಅಜ್ಜಿಯ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ, 2008ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಕೊರೊನಾ ಕಾಲದಲ್ಲಿ ಊರಿನ ಎಲ್ಲ ರಂಗಮಂದಿರಗಳಂತೆ ಅಲ್ಲೂ ದೀಪ ಆರಿತು, ಮತ್ತೆ ಹತ್ತಿತು. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಬನಶಂಕರಿ, ಜೆ.ಪಿ. ನಗರದ ಮೇಲೆ ಹಾದುಹೋಗುವ ಹೊತ್ತಿಗೆ ಮಲ್ಲೇಶ್ವರದವರ ಹಳೆಯ ಆತಂಕವೂ ಅರ್ಧ ಕಳೆಯಿತು. ಶಂಕರ ಬಾಯ್ತುಂಬ ಆಡಿದ್ದ ರೈಲು ಅವರ ಹೆಸರಿನ ನಾಟಕಶಾಲೆಗೆ ಜನರನ್ನು ತರುತ್ತಿದೆ.

ಮೊನ್ನೆ ಒಂದು ಶನಿವಾರ ಗೇಟಿನ ಬಳಿ ನಿಂತಿದ್ದೆ. ಏಳು ಇಪ್ಪತ್ತೇಳು. ಆಟೋ ಒಂದು ಬಂದು ನಿಂತಿತು. ಹಿಂದಿನ ಗಾಜಿನ ಮೇಲೆ ಖಾಕಿ ಅಂಗಿಯ ಶಂಕರ್ ನಾಗ್. ಇಳಿದ ದಂಪತಿ ಚಿಲ್ಲರೆಗೆ ತಡಕಾಡುತ್ತಿದ್ದರು. ಡ್ರೈವರ್ ಒಳಗಿನಿಂದ ಬಂದ ಬೆಲ್ಲಿನ ಸದ್ದು ಕೇಳಿ, 'ಎರಡನೇ ಬೆಲ್ ಆಯ್ತು ಅಮ್ಮ, ಇನ್ನೊಂದು ಹೊಡೆದರೆ ಒಳಗೆ ಬಿಡಲ್ಲ, ಚಿಲ್ಲರೆ ಇರಲಿ, ನೀವು ಓಡಿ' ಎಂದರು. ಅವರು ಓಡಿದರು.